ಪುನರುತ್ಥಾನವೂ ಇಂದಿನ ಕ್ರೈಸ್ತ ಜೀವನವೂ



ಯೇಸುಕ್ರಿಸ್ತನು ಶಿಲುಬೆಯ ಮೇಲೆ ಪ್ರಾಣಬಿಟ್ಟು ಮೂರನೆಯ ದಿನ ಎದ್ದುಬಂದನೆಂಬುದು ಕ್ರೈಸ್ತಮತದ ಆಧಾರಸ್ತಂಭ. ಈ ನಂಬಿಕೆಯು ವರ್ಷಕ್ಕೊಮ್ಮೆ ಈಸ್ಟರ್ ಹಬ್ಬದಲ್ಲಿ ಹಾಡಿ ಮರೆಯತಕ್ಕ ವಿಷಯವೋ, ಪ್ರತಿದಿನದ ನಡೆಯನ್ನು ತಿದ್ದತಕ್ಕ ಶಕ್ತಿಯೋ ಎಂಬುದೇ ಈ ಭಾಷಣದ ವಿಚಾರ.

ಗ್ರೀಸ್ ದೇಶದ ಕೊರಿಂಥ ಪಟ್ಟಣದ ಸಭೆಯಲ್ಲಿ ಕೆಲವರು, ಸತ್ತವರಿಗೆ ಪುನರುತ್ಥಾನವೇ ಇಲ್ಲವೆನ್ನುತ್ತಿದ್ದರು. ಪೌಲನು ಸುಮಾರು ಕ್ರಿ. ಶ. 55ರಲ್ಲಿ ಆ ಸಭೆಗೆ ಬರೆದ ಮೊದಲನೆಯ ಪತ್ರಿಕೆಯ 15ನೆಯ ಅಧ್ಯಾಯವೆಲ್ಲವೂ ಇದಕ್ಕೆ ಉತ್ತರ. ಕ್ರಿಸ್ತನು ಏಳಲಿಲ್ಲವಾದರೆ ತನ್ನ ಬೋಧನೆಯೂ ಅವರ ನಂಬಿಕೆಯೂ ವ್ಯರ್ಥವೆಂದು ಆತನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಬಿತ್ತಿದ ಕಾಳನ್ನು ದೃಷ್ಟಾಂತವಾಗಿಟ್ಟು, ನಶಿಸುವ ದೇಹವು ಬೇರೊಂದು ಮಹಿಮೆಯಲ್ಲಿ ಏಳುವುದೆಂದು ವಿವರಿಸುತ್ತಾನೆ. ಮರಣಕ್ಕೇ ಸವಾಲು ಹಾಕುವ ಆ ಅಧ್ಯಾಯವು ಕೊನೆಗೆ ಎಲ್ಲಿ ಬಂದು ನಿಲ್ಲುವುದು? ನಿಮ್ಮ ದುಡಿಮೆ ನಿಷ್ಫಲವಾಗಲಾರದು, ಆದುದರಿಂದ ಸ್ಥಿರಚಿತ್ತರಾಗಿ ಸೇವೆಮಾಡಿರಿ ಎಂಬ ಬುದ್ಧಿವಾದದಲ್ಲಿ. ಅದರ ಬೆನ್ನಿಗೇ, ಮುಂದಿನ ಅಧ್ಯಾಯದ ಮೊದಲಲ್ಲಿ, ಯೆರೂಸಲೇಮಿನವರಿಗಾಗಿ ಹಣ ಕೂಡಿಸುವ ಮಾತು ಬರುತ್ತದೆ. ಪರಮರಹಸ್ಯದಿಂದ ಬಡವರ ಗಂಜಿಗೆ ಒಂದೇ ಹೆಜ್ಜೆ!

ಯೋಹಾನನ ಸುವಾರ್ತೆಯು ಇನ್ನೊಂದನ್ನು ತಿಳಿಸುತ್ತದೆ. ಎದ್ದುಬಂದ ಕ್ರಿಸ್ತನು ಸಂಶಯಪಟ್ಟ ತೋಮನಿಗೆ ತೋರಿಸಿದುದು ತನ್ನ ಗಾಯಗಳನ್ನು. ಗಾಯಗೊಂಡ ದೇಹವನ್ನು ದೇವರು ಬಿಸುಡಲಿಲ್ಲವೆಂದಮೇಲೆ, ರೋಗಿಯ ದೇಹಕ್ಕೆ ಹೇಸಿ ದೂರ ಸರಿಯಲು ಕ್ರೈಸ್ತನಿಗೆ ಅಧಿಕಾರವೆಲ್ಲಿಯದು?

ಪೂರ್ವಿಕರು ಇದನ್ನು ನಡೆಸಿ ತೋರಿಸಿದರು. ಸುಮಾರು 260ರ ವೇಳೆಗೆ ಐಗುಪ್ತದ ಅಲೆಕ್ಸಾಂಡ್ರಿಯ ನಗರದಲ್ಲಿ ಮಹಾಮಾರಿ ಹಬ್ಬಿತ್ತು. ಅಲ್ಲಿನ ಬಿಷಪ್ ಡಯೊನೀಸಿಯಸನು ಹಬ್ಬದ ಕಾಲದಲ್ಲಿ ಬರೆದ ಪತ್ರದ ಭಾಗವನ್ನು ಯುಸೇಬಿಯಸನು ತನ್ನ ಸಭಾಚರಿತ್ರೆಯಲ್ಲಿ ಉಳಿಸಿದ್ದಾನೆ. ಸೋಂಕಿಗೆ ಅಂಜದೆ ರೋಗಿಗಳನ್ನು ಉಪಚರಿಸಿ, ಶವಗಳನ್ನು ತೊಳೆದು ಸಮಾಧಿಮಾಡಿದವರಲ್ಲಿ ಅನೇಕರು ತಾವೇ ಸತ್ತರೆಂದು ಅದರಿಂದ ತಿಳಿಯುತ್ತದೆ. ನಮ್ಮ ನಾಡಿನ ಮಂಗಳೂರಿನ ಕಂಕನಾಡಿಯಲ್ಲಿ ಜೆಸುಯಿಟ್ ಪಾದ್ರಿ ಅಗಸ್ಟಸ್ ಮುಲ್ಲರರು 1880ರಲ್ಲಿ ಬಡವರಿಗೆ ಔಷಧ ಕೊಡಲಾರಂಭಿಸಿ, 1890ರಲ್ಲಿ ಕುಷ್ಠರೋಗಿಗಳಿಗೂ ಆಶ್ರಯವನ್ನು ಕಲ್ಪಿಸಿದರು. ಸೇವೆಯು ಕ್ರೈಸ್ತರೊಬ್ಬರದೇ ಸೊತ್ತಲ್ಲ, ನಿಜ. ಆದರೆ ಸೇವೆಯಿಲ್ಲದ ಕ್ರೈಸ್ತನು ತನ್ನ ನಂಬಿಕೆಗೆ ತಾನೇ ಪ್ರತಿಸಾಕ್ಷಿ.

ಇಲ್ಲಿ ಎರಡು ಅಪಾಯಗಳುಂಟು. ಪರಲೋಕದಲ್ಲಿ ಸುಖವಿದೆಯೆಂದು ಹೇಳಿ ಇಹದ ಅನ್ಯಾಯವನ್ನು ಸಹಿಸಹೇಳುವುದು ಒಂದು. ಅನ್ಯಾಯವು ಕೊಂದವನನ್ನೇ ದೇವರು ಎಬ್ಬಿಸಿದನೆಂದು ಸಾರುವವರು, ಅನ್ಯಾಯದ ತೀರ್ಪೇ ಕಡೆಯ ತೀರ್ಪೆಂದು ಕೈಕಟ್ಟಿ ಕೂರಲಾಗದು. ನಂಬಿಕೆಯ ಹೆಸರಿನಲ್ಲಿ ದುಃಖವನ್ನು ಅಡಗಿಸುವುದು ಎರಡನೆಯದು. ಲಾಜರನನ್ನು ಎಬ್ಬಿಸುವುದಕ್ಕೆ ಮುಂಚೆ ಯೇಸುವೇ ಕಣ್ಣೀರಿಟ್ಟನು. ಮಗುವನ್ನು ಕಳೆದುಕೊಂಡ ತಾಯಿಗೆ ಅಳಬೇಡವೆನ್ನುವುದು ಧರ್ಮವಲ್ಲ; ಅವಳ ಬಳಿ ಮೌನವಾಗಿ ಕುಳಿತು, ಮರುದಿನವೂ ಆ ಮನೆಯ ಬಾಗಿಲಿಗೆ ಹೋಗುವುದು ಧರ್ಮ.

ಸುವಾರ್ತೆಗಳ ಪ್ರಕಾರ ಬರಿದಾದ ಗೋರಿಯನ್ನು ಮೊದಲು ಕಂಡವರು ಸ್ತ್ರೀಯರು. ಅವರು ವಾದಕ್ಕಾಗಿ ಹೋದವರಲ್ಲ. ಸತ್ತ ದೇಹಕ್ಕೆ ಸುಗಂಧದ್ರವ್ಯಗಳನ್ನು ಹಚ್ಚಿ ಕಡೆಯ ಉಪಚಾರ ಮಾಡಬೇಕೆಂದು ಹೊರಟವರೆಂದು ಮಾರ್ಕನು ಹೇಳುತ್ತಾನೆ. ಶುಭವಾರ್ತೆಯು ಅವರಿಗೆ ಆ ಸೇವೆಯ ದಾರಿಯಲ್ಲಿಯೇ ದೊರೆಯಿತು. ಇಂದಿನ ಕ್ರೈಸ್ತನೂ ಅದನ್ನು ಹುಡುಕಬೇಕಾದುದು ಆ ದಾರಿಯಲ್ಲಿಯೇ.