ಹಣದ ಮಡಿಯೂ ವೃತ್ತಿಯ ಗುಟ್ಟೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಉತ್ಸವದ ವೇದಿಕೆಯಲ್ಲಿ ಕಾವ್ಯವನ್ನು ಕುರಿತು ಮಾತನಾಡುವುದು ಕನ್ನಡ ಪಂಡಿತರ ವಾಡಿಕೆ. ಈ ಸಲ ನಾವು ಒಂದು ಕಾಯಿದೆಯನ್ನು ಕುರಿತು ಮಾತನಾಡಲು ಒಪ್ಪಿಕೊಂಡಿದ್ದೇವೆ. ಕಾಯಿದೆಗೂ ಪಂಡಿತನಿಗೂ ಏನು ನಂಟು ಎಂದು ಕೇಳುವಿರಾದರೆ, ಇದರ ತೊಡಕು ಮೊದಲು ಹೆಸರಿನಲ್ಲಿಯೇ ಇದೆಯೆಂದು ಉತ್ತರ ಕೊಡುವೆವು.

ಪತ್ರಿಕೆಗಳು ಇದನ್ನು ‘ಅಕ್ರಮ ಹಣ ವರ್ಗಾವಣೆ ತಡೆ ಕಾಯಿದೆ’ ಎಂದು ಬರೆಯುತ್ತವೆ. ಇಂಗ್ಲಿಷ್ ಹೆಸರಿನಲ್ಲಿ ವರ್ಗಾವಣೆಯ ಮಾತಿಲ್ಲ. ಅಲ್ಲಿರುವುದು ಬಟ್ಟೆ ಒಗೆಯುವ ಮಾತು. ವಂಚನೆ, ಲಂಚ, ಮಾದಕ ವಸ್ತುಗಳ ವ್ಯಾಪಾರ ಮುಂತಾದ ಅಪರಾಧಗಳಿಂದ ಬಂದ ಹಣವನ್ನು ನಾಲ್ಕು ಕೈ ದಾಟಿಸಿ, ಭೂಮಿಯಾಗಿಯೋ ಬಂಗಾರವಾಗಿಯೋ ಕಂಪೆನಿಯ ಬಂಡವಾಳವಾಗಿಯೋ ಮಾರ್ಪಡಿಸಿ, ಅದು ನ್ಯಾಯವಾದ ಸಂಪಾದನೆಯೆಂದು ತೋರಿಸುವುದೇ ಈ ಅಪರಾಧ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಮೈಲಿಗೆಯ ಹಣಕ್ಕೆ ಮಡಿ ಉಡಿಸುವುದು. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಮಗನು ಬ್ಯಾಂಕಿನ ಮೂಲಕ ತಾಯಿಗೆ ಕಳುಹಿಸುವ ಹಣವೂ ವರ್ಗಾವಣೆಯೇ. ಅದರಲ್ಲಿ ಅಪರಾಧದ ಸೋಂಕಿಲ್ಲ. ಹೆಸರು ಸಡಿಲವಾದರೆ ನಿರಪರಾಧಿಗೆ ಭಯ ಹುಟ್ಟುತ್ತದೆ. ಅಪರಾಧಿಗೆ ಮರೆ ದೊರೆಯುತ್ತದೆ.

ಈ ವಿಷಯದ ಮಸೂದೆ ಲೋಕಸಭೆಯಲ್ಲಿ ಮಂಡಿತವಾದುದು 1998ರಲ್ಲಿ. ಸ್ಥಾಯೀ ಸಮಿತಿಯೂ, ಆ ಬಳಿಕ ರಾಜ್ಯಸಭೆಯ ಆಯ್ಕೆ ಸಮಿತಿಯೂ ಅದನ್ನು ಪರಿಶೀಲಿಸಿದವು. ಕಾಯಿದೆ 2002ರ ಹೆಸರಿನದಾಗಿ, 1 ಜುಲೈ 2005ರಿಂದ ಜಾರಿಗೆ ಬಂದಿತು. ಬ್ಯಾಂಕುಗಳು ಗಿರಾಕಿಯ ಗುರುತನ್ನು ಪರೀಕ್ಷಿಸಬೇಕು, ದಾಖಲೆಗಳನ್ನು ಕಾಪಾಡಬೇಕು, 10 ಲಕ್ಷ ರೂಪಾಯಿಗೆ ಮೀರಿದ ನಗದು ವ್ಯವಹಾರವನ್ನೂ, ಮೊತ್ತವೆಷ್ಟೇ ಇರಲಿ, ಸಂದೇಹಾಸ್ಪದವಾದ ವ್ಯವಹಾರವನ್ನೂ ದಿಲ್ಲಿಯ ಹಣಕಾಸು ಗುಪ್ತಚರ ಘಟಕಕ್ಕೆ ತಿಳಿಸಬೇಕು ಎಂಬುದು ಇದರ ವಿಧಿ. ಹಾಗೆ ತಿಳಿಸಿದ ಸಂಗತಿಯನ್ನು ಗಿರಾಕಿಗೆ ಹೇಳಕೂಡದು.

2012ರ ತಿದ್ದುಪಡಿಯಿಂದ ಈ ಹೊಣೆ ಬ್ಯಾಂಕಿನ ಹೊಸ್ತಿಲನ್ನು ದಾಟಿತು. ಗೊತ್ತುಪಡಿಸಿದ ವೃತ್ತಿಗಳನ್ನೂ ಅಧಿಸೂಚನೆಯ ಮೂಲಕ ಸೇರಿಸುವ ಅಧಿಕಾರವನ್ನು ಸಂಸತ್ತು ಕೇಂದ್ರ ಸರಕಾರಕ್ಕೆ ಕೊಟ್ಟಿತು. ಆ ಅಧಿಕಾರದಿಂದ 3 ಮೇ 2023ರಂದು ಚಾರ್ಟರ್ಡ್ ಅಕೌಂಟೆಂಟರು, ಕಂಪೆನಿ ಸೆಕ್ರೆಟರಿಗಳು, ಕಾಸ್ಟ್ ಅಕೌಂಟೆಂಟರು ಇದರ ವ್ಯಾಪ್ತಿಗೆ ಬಂದರು. ಗಿರಾಕಿಯ ಪರವಾಗಿ ಸ್ಥಿರಾಸ್ತಿಯ ಕ್ರಯವಿಕ್ರಯ, ಹಣ ಅಥವಾ ಬ್ಯಾಂಕು ಖಾತೆಯ ನಿರ್ವಹಣೆ, ಕಂಪೆನಿಯ ಸ್ಥಾಪನೆ ಮುಂತಾದುವನ್ನು ನಡೆಸಿದಾಗ ಮಾತ್ರ ಈ ಹೊಣೆ. ಅಡಕೆ ಕೃಷಿಕನ ತೆರಿಗೆಯ ಲೆಕ್ಕವನ್ನು ಬರೆದುಕೊಟ್ಟ ಮಾತ್ರಕ್ಕೆ ಇದು ತಗಲದು. ಅವನ ಪರವಾಗಿ ತೋಟವನ್ನು ಮಾರಿ ಹಣವನ್ನು ನಿರ್ವಹಿಸಿದರೆ ತಗಲುತ್ತದೆ. ಆ ಅಧಿಸೂಚನೆಯಲ್ಲಿ ವಕೀಲರ ಹೆಸರಿಲ್ಲ.

ಇಲ್ಲಿಯೇ ವಾದ ಹುಟ್ಟುವುದು. ವೈದ್ಯನಲ್ಲಿ ರೋಗವನ್ನೂ ವಕೀಲನಲ್ಲಿ ಸತ್ಯವನ್ನೂ ಮರೆಮಾಚಬಾರದೆಂದು ಹಿರಿಯರು ಹೇಳುತ್ತಾರೆ. ಕೇಳಿದವನು ಹೊರಗೆ ಹೇಳಬೇಕಾದವನೂ ಆದರೆ ನಂಬಿಕೆ ನಿಲ್ಲುವುದೆಂತು? ಇದು ಒಂದು ಪಕ್ಷ. ಕಳ್ಳನಿಗೆ ಏಣಿ ಹಿಡಿದವನು ವೃತ್ತಿಧರ್ಮದ ಹೆಸರಿನಲ್ಲಿ ಪಾರಾಗಬಹುದೇ? ಇದು ಇನ್ನೊಂದು ಪಕ್ಷ. 1872ರ ಸಾಕ್ಷ್ಯ ಕಾಯಿದೆ ವಕೀಲನ ಗುಟ್ಟಿಗೆ ರಕ್ಷಣೆ ಕೊಟ್ಟಿತ್ತು. ಕಾನೂನುಬಾಹಿರ ಉದ್ದೇಶಕ್ಕಾಗಿ ಆಡಿದ ಮಾತಿಗೆ ಕೊಟ್ಟಿರಲಿಲ್ಲ. 1 ಜುಲೈ 2024ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ಈ ಭೇದವನ್ನು ಉಳಿಸಿಕೊಂಡಿದೆ. ಕೆನಡಾದ ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ, ವಕೀಲರ ಕಚೇರಿಯ ಶೋಧನೆಯನ್ನು ಕುರಿತ ಇಂತಹ ವಿಧಿಗಳು ಅವರಿಗೆ ಅನ್ವಯಿಸಲಾರವೆಂದು ತೀರ್ಪಿತ್ತಿತು. ಆಸ್ಟ್ರೇಲಿಯದ ಸಂಸತ್ತು 2024ರಲ್ಲಿ ವಕೀಲರನ್ನೂ ಲೆಕ್ಕಿಗರನ್ನೂ ಸೇರಿಸಿ ಕಾಯಿದೆ ಮಾಡಿ, 1 ಜುಲೈ 2026ನ್ನು ಅವರ ಹೊಣೆಯ ಆರಂಭದ ದಿನವನ್ನಾಗಿ ಗೊತ್ತುಪಡಿಸಿತು. ಆದರೆ ವಕೀಲನ ಗುಟ್ಟಿನ ರಕ್ಷಣೆಯನ್ನು ಕೈಬಿಡಲಿಲ್ಲ.

ನಮ್ಮ ಅಭಿಪ್ರಾಯವಿಷ್ಟು. ಸಲಹೆ ಕೊಡುವ ಬಾಯಿ ಬೇರೆ, ಹಣ ಎಣಿಸುವ ಕೈ ಬೇರೆ. ಕೈಯ ಮೇಲೆ ಹೊಣೆ ಹೊರಿಸುವುದು ಸರಿ. ಬಾಯಿಯ ಮೇಲಿನ ನಂಬಿಕೆಯನ್ನು ಕೆಡಿಸುವುದು ಸರಿಯಲ್ಲ. ಇವೆರಡರ ನಡುವಣ ಗೆರೆಯನ್ನು ಎಳೆಯುವಾಗ ಅಧಿಸೂಚನೆಯ ನಾಲ್ಕು ಸಾಲು ಸಾಲದು. ಸಂಸತ್ತಿನಲ್ಲಿ ಬಹಿರಂಗವಾದ ಚರ್ಚೆ ನಡೆಯಬೇಕು. ಅಧಿಸೂಚನೆ ಕಾಯಿದೆಗೆ ವಿರುದ್ಧವೆಂದು ನಾವು ಹೇಳುತ್ತಿಲ್ಲ. ಚರ್ಚೆಯಾದರೆ ಪ್ರಜೆಗೆ ಕಾರಣ ತಿಳಿಯುತ್ತದೆ. ಕಾರಣ ತಿಳಿದವನು ಕಾಯಿದೆಯನ್ನು ಭಯದಿಂದಲ್ಲ, ವಿವೇಕದಿಂದ ಪಾಲಿಸುತ್ತಾನೆ.

ಗಡಿನಾಡಿನ ಕನ್ನಡಿಗರಾದ ನಮಗೆ ಇದು ದೂರದ ದಿಲ್ಲಿಯ ಮಾತಲ್ಲ. ಹವಾಲೆಯ ಹಣವನ್ನು ಮಲಯಾಳದಲ್ಲಿ ‘ಕುಳಲ್ಪಣಂ’ ಎನ್ನುತ್ತಾರೆ. ಆ ಶಬ್ದ ನಮ್ಮ ಮಕ್ಕಳ ಕಿವಿಗೂ ಬಿದ್ದಿದೆ. ಸಣ್ಣ ಸಂಭಾವನೆಯ ಆಸೆಗೆ ತನ್ನ ಬ್ಯಾಂಕು ಖಾತೆಯನ್ನು ಅಪರಿಚಿತನಿಗೆ ಬಳಸಲು ಬಿಟ್ಟುಕೊಡುವ ಹುಡುಗನು, ಅರಿಯದೆಯೇ ಪರರ ಮೈಲಿಗೆ ಬಟ್ಟೆಯನ್ನು ತನ್ನ ಮನೆಯ ಅಂಗಳದಲ್ಲಿ ಒಣಗಹಾಕುತ್ತಾನೆ. ತಂದೆತಾಯಿಗಳು ಇದನ್ನು ಇಂದೇ ಮನೆಯಲ್ಲಿ ತಿಳಿಹೇಳಬೇಕು.

ಮತ್ತೊಂದು ಮಾತು. ಓದಲಾರದ ಭಾಷೆಯ ಕಾಗದಕ್ಕೆ ರುಜು ಹಾಕುವುದು ನಮ್ಮಲ್ಲಿ ಅಭ್ಯಾಸವಾಗಿಹೋಗಿದೆ. ಹಣದ ಮೂಲವನ್ನು ಕೇಳುವ ಪತ್ರಕ್ಕೆ ಅರ್ಥ ತಿಳಿಯದೆ ರುಜು ಹಾಕುವವನು ತನ್ನ ಮೇಲೆ ತಾನೇ ಸಾಕ್ಷಿ ಬರೆದುಕೊಟ್ಟಂತೆ. ಅಹವಾಲನ್ನು ತನ್ನ ನುಡಿಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ಕೊಟ್ಟಿದೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯೂ ಕನ್ನಡ ಅಲ್ಪಸಂಖ್ಯಾತರನ್ನು ಹೆಸರಿಸಿ ಗುರುತಿಸಿದೆ. ಆದುದರಿಂದ ವಿನಯದಿಂದಲೇ, ಆದರೆ ಬಿಡದೆ, ಕನ್ನಡದಲ್ಲಿ ವಿವರಣೆಯನ್ನು ಕೇಳೋಣ. ಬಲ್ಲವರು ವಾರಕ್ಕೊಂದು ಸಂಜೆ ಸಂಘದಲ್ಲಿ ಕುಳಿತು, ಬಂದವರ ಕಾಗದಗಳನ್ನು ಓದಿ ಹೇಳಿದರೆ ಅದೂ ಕನ್ನಡದ ಕೆಲಸವೇ. ಭಾಷೆ ಹಾಡಿನಲ್ಲಿ ಉಳಿದರೆ ಸಾಲದು. ರುಜುವಿನ ಮೇಲಣ ಸಾಲಿನಲ್ಲಿಯೂ ಉಳಿಯಬೇಕು.