ಹೆಬ್ಬಾತು ಹಿಮಾಲಯ ದಾಟುವ ಬಗೆ



ಚಿಂತೆಯ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಹಕ್ಕಿಯನ್ನು ಎಳೆದು ತರುತ್ತಾರೆ. ಹಕ್ಕಿಗೇನು ಸಾಲವೇ, ಸೋಲವೇ, ಮಗಳ ಮದುವೆಯೇ, ಅದರ ಹಾಗೆ ಹಾಯಾಗಿರಿ ಅನ್ನುತ್ತಾರೆ. ಹೀಗೆ ಹೇಳುವವರು ಒಂದು ಹಕ್ಕಿಯನ್ನು ಹತ್ತು ನಿಮಿಷ ಕೂತು ನೋಡಿದವರಲ್ಲ ಎಂಬುದು ನನ್ನ ಗುಮಾನಿ. ಮೊಟ್ಟೆಗೆ ಹಾವಿನ ಕಾಟ, ಮರಿಗೆ ಕಾಗೆಯ ಕಾಟ, ತನ್ನ ತಲೆಯ ಮೇಲೆ ಗಿಡುಗ. ಇದರಲ್ಲಿ ಹಾಯಾದದ್ದು ಏನಿದೆ? ಹಕ್ಕಿಯಿಂದ ಕಲಿಯುವುದಿದ್ದರೆ ಅದು ಕಷ್ಟವನ್ನು ಹೇಗೆ ದಾಟುತ್ತದೆ ಎಂಬುದನ್ನು ಕಲಿಯಬೇಕು. ಅದಕ್ಕಾಗಿ ಇವತ್ತು ಪಟ್ಟೆತಲೆ ಹೆಬ್ಬಾತನ್ನು ಆರಿಸಿಕೊಂಡಿದ್ದೇನೆ.

ಚಳಿಗಾಲದಲ್ಲಿ ಇವು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದಿಳಿಯುತ್ತವೆ. (ಬೆಂಗಳೂರಿನವರು ಕೆಂಪೇಗೌಡರ ಮಾಗಡಿಗೆ ಹೋಗಿ ಹುಡುಕಬಾರದು, ಇದು ಶಿರಹಟ್ಟಿ ಕಡೆಯದು.) 2024ರಲ್ಲಿ ಈ ಕೆರೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಹೆಬ್ಬಾತಿನದು ಬೂದು ಮೈ, ಬಿಳಿ ತಲೆ, ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ. ತೂಕ ಎರಡು ಮೂರು ಕಿಲೋ ಅಷ್ಟೆ. ಮರಿ ಮಾಡುವುದು ಮಂಗೋಲಿಯಾ, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಗುರುತಿನ ಪಟ್ಟಿ ತೊಡಿಸಿದ ಹೆಬ್ಬಾತುಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಕಂಡಿವೆ. ನಡುವೆ ಹಿಮಾಲಯವಿದೆ.

ಇವು ಎವರೆಸ್ಟಿನ ನೆತ್ತಿಯ ಮೇಲೆ ಹಾರಿಹೋಗುತ್ತವೆ ಎಂಬ ಕಥೆ ಪರ್ವತಾರೋಹಿಗಳ ಬಾಯಿಂದ ಬಂದು ಪುಸ್ತಕಗಳಿಗೂ ಸೇರಿತು. ಕಷ್ಟಗಳ ಮೇಲೆ ಎತ್ತರಕ್ಕೇರಿಬಿಡಿ ಎಂದು ಭಾಷಣ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಹಕ್ಕಿ ಬೇಕೆ! ಆದರೆ ವಿಜ್ಞಾನಿಗಳು ಹೆಬ್ಬಾತುಗಳ ಮೈಯೊಳಗೆ ಪುಟ್ಟ ಉಪಕರಣ ಇರಿಸಿ ಹಾರಾಟದ ಎತ್ತರ, ಎದೆಬಡಿತ, ರೆಕ್ಕೆಬಡಿತ ಅಳೆದರು. 2015ರಲ್ಲಿ ಅದರ ಫಲಿತಾಂಶ ಹೊರಬಂತು. ಹೆಬ್ಬಾತು ಒಮ್ಮೆ ಮೇಲೇರಿ ಅದೇ ಎತ್ತರದಲ್ಲಿ ಸಾಗುವುದಿಲ್ಲ. ನೆಲ ಏರಿದರೆ ತಾನೂ ಏರುತ್ತದೆ, ಕಣಿವೆ ಬಂದರೆ ಇಳಿದುಬಿಡುತ್ತದೆ. ಬೆವರು ಸುರಿಸಿ ಏರಿದ ಎತ್ತರವನ್ನು ಹೀಗೆ ಬಿಟ್ಟುಕೊಡುವುದು ನಮ್ಮ ಲೆಕ್ಕದಲ್ಲಿ ನಷ್ಟ. ಅದರ ಲೆಕ್ಕ ಬೇರೆ. ಮೇಲೆ ಹೋದಷ್ಟೂ ಗಾಳಿ ತೆಳು, ರೆಕ್ಕೆಗೆ ಆಧಾರ ಕಡಿಮೆ. ರೆಕ್ಕೆಯನ್ನು ತುಸು ಜೋರಾಗಿ ಬಡಿಯಬೇಕಾದರೂ ಶ್ರಮ ವಿಪರೀತ ಹೆಚ್ಚುತ್ತದೆ. ಇಳಿದು ಮತ್ತೆ ಏರುವುದಕ್ಕಿಂತ ಮೇಲೆಯೇ ಉಳಿಯುವುದು ದುಬಾರಿ. 7,000 ಮೀಟರ್ ದಾಟಿದ ದಾಖಲೆ ಇದೆ, ಆದರೆ ಅಪರೂಪ. ಬಹುಪಾಲು ಹಾರಾಟ 6,000 ಮೀಟರಿನೊಳಗೇ.

ಹೊತ್ತು ನೋಡುವುದರಲ್ಲೂ ಇವು ಜಾಣ. ಹಗಲು ಕಣಿವೆಯಿಂದ ಮೇಲಕ್ಕೆ ಬೀಸುವ ಗಾಳಿಯ ನೆರವು ಪಡೆಯುತ್ತವೆ ಎಂಬ ಊಹೆಯಿತ್ತು. ಅಳೆದು ನೋಡಿದರೆ, ಅವು ಬೆಟ್ಟ ಹತ್ತುವುದು ಹೆಚ್ಚಾಗಿ ರಾತ್ರಿ ಮತ್ತು ಬೆಳಗಿನ ಜಾವ, ಗಾಳಿ ತಣ್ಣಗೆ ದಟ್ಟವಾಗಿ ಗದ್ದಲವಿಲ್ಲದೆ ಇರುವಾಗ.

ನಾವು ಏನು ಮಾಡುತ್ತೇವೆ? ಇಪ್ಪತ್ತು ವರ್ಷದ ಮನೆಸಾಲವನ್ನು ಒಂದೇ ರಾತ್ರಿ ಹಾಸಿಗೆಯ ಮೇಲೆ ತೀರಿಸಲು ಹೊರಡುತ್ತೇವೆ. ಮಗ ಎಸ್‌ಎಸ್‌ಎಲ್‌ಸಿ ಬರೆಯುವ ಮೊದಲೇ ಅವನ ನೌಕರಿ, ಮದುವೆಯ ಎತ್ತರಕ್ಕೆಲ್ಲ ಏರಿ ಅಲ್ಲೇ ಉಸಿರುಗಟ್ಟುತ್ತೇವೆ. ನಡುವೆ ಕಣಿವೆ ಬಂದರೂ, ಅಂದರೆ ಏನೂ ತೊಂದರೆಯಿಲ್ಲದ ಒಂದು ಭಾನುವಾರ ಸಿಕ್ಕರೂ ಕೆಳಗಿಳಿಯುವುದಿಲ್ಲ. ಹೆಬ್ಬಾತು ಎದುರಿಗಿರುವ ಬೆಟ್ಟದಷ್ಟೇ ಏರುತ್ತದೆ.

ಹೊಲದಲ್ಲಿ ಮೇಯುವ ಹಿಂಡನ್ನೂ ಗಮನಿಸಿ. ಎಲ್ಲವೂ ತಲೆ ತಗ್ಗಿಸಿ ಮೇಯುತ್ತಿರುವಾಗ ಅಂಚಿನಲ್ಲಿ ಒಂದೆರಡು ಕುತ್ತಿಗೆ ನೆಟ್ಟಗೆ ನಿಂತಿರುತ್ತವೆ. ನಾಯಿ ಕಂಡರೆ ಅಷ್ಟೂ ಕುತ್ತಿಗೆಗಳು ಮೇಲೇಳುತ್ತವೆ. ನಾಯಿ ಅತ್ತ ಹೋಯಿತೋ, ಒಂದೊಂದಾಗಿ ಮತ್ತೆ ತಗ್ಗುತ್ತವೆ. ಹೋದ ನಾಯಿಯನ್ನು ಸಂಜೆಯವರೆಗೆ ಯಾವುದೂ ಕಾಯುತ್ತ ನಿಲ್ಲುವುದಿಲ್ಲ.

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತೇವೆ. ಹಕ್ಕಿಗೆ ನಿದ್ದೆ ಬರಲು ಬೇಕಾದ್ದು ಸಂತೆಯೇ, ಅಂದರೆ ಸುತ್ತ ತನ್ನವರ ಗುಂಪು. ಹೆಬ್ಬಾತಿನ ನೆಂಟನಾದ ಮಲ್ಲಾರ್ಡ್ ಬಾತುಗಳನ್ನು ಸಾಲಾಗಿ ಮಲಗಿಸಿ ಅಮೆರಿಕದಲ್ಲಿ ಪರೀಕ್ಷೆ ಮಾಡಿದ್ದರು, 1999ರಲ್ಲಿ ಪ್ರಕಟವಾಯಿತು. ಸಾಲಿನ ತುದಿಯ ಬಾತು ಹೊರಗಿನ ಕಡೆಯ ಒಂದು ಕಣ್ಣು ತೆರೆದೇ ನಿದ್ದೆ ಮಾಡುವುದು ಹೆಚ್ಚು. ಆಗ ಅದರ ಅರ್ಧ ಮಿದುಳು ಎಚ್ಚರ. ನಡುವಿನವು ಹೆಚ್ಚಾಗಿ ಎರಡೂ ಕಣ್ಣು ಮುಚ್ಚಿ ಮಲಗುತ್ತವೆ. ಒಬ್ಬರೇ ಚಿಂತಿಸುತ್ತ ಕೂತವರು ಸಾಲಿನ ತುದಿಯ ಬಾತುಗಳು. ಅವರನ್ನು ನಡುವಿಗೆ ಕರೆದುಕೊಳ್ಳುವುದು ಮನೆಯವರ, ನೆರೆಯವರ ಕೆಲಸ. ತಿಂಗಳುಗಟ್ಟಲೆ ನಿದ್ದೆ ಬಾರದವರಿಗೆ ಮಾತ್ರ ಈ ಉಪನ್ಯಾಸ ಸಾಲದು, ಅವರು ವೈದ್ಯರನ್ನು ಕಾಣಲಿ.

ಉಳಿದವರು ಡಿಸೆಂಬರ್, ಜನವರಿಯಲ್ಲಿ ಒಮ್ಮೆ ಮಾಗಡಿ ಕೆರೆಗೆ ಹೋಗಿಬನ್ನಿ. ದೂರದಲ್ಲೇ ಕೂತು ನೋಡಿ. ಫೋಟೊದ ಆಸೆಗೆ ಹಿಂಡನ್ನು ಎಬ್ಬಿಸಬೇಡಿ. ಎಬ್ಬಿಸಿದ ಪ್ರತಿ ಸಲವೂ ಅವು ಹಿಮಾಲಯ ದಾಟಲು ಕೂಡಿಡುವ ಕೊಬ್ಬು ಅಷ್ಟಷ್ಟು ಕರಗುತ್ತದೆ.