ಗುಳೆ ಯಾವಾಗ ಸುದ್ದಿಯಾಗುತ್ತದೆ?

ಆಕಾಶವಾಣಿಯ ಕನ್ನಡ ಪ್ರದೇಶ ಸಮಾಚಾರ ಸಿದ್ಧವಾಗುವುದು ಬೆಂಗಳೂರು, ಧಾರವಾಡಗಳ ಸುದ್ದಿ ವಿಭಾಗಗಳಲ್ಲಿ. ಜಿಲ್ಲೆಗಳ ಅರೆಕಾಲಿಕ ವರದಿಗಾರರು ಅಲ್ಲಿಗೆ ಸುದ್ದಿ ಕಳಿಸುತ್ತಾರೆ. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಕೇಳುಗರಿಗೆ ತಮ್ಮದೆನಿಸುವ ಕೇಂದ್ರ ಹೊಸಪೇಟೆಯದು. ಅದಕ್ಕೆ ಕೃಷಿ, ಆರೋಗ್ಯ, ಜಾನಪದದ ಕಾರ್ಯಕ್ರಮಗಳುಂಟು, ಅಂಥ ಸುದ್ದಿ ವಿಭಾಗವಿಲ್ಲ. ಸುದ್ದಿಯನ್ನೂ ಕಾರ್ಯಕ್ರಮವನ್ನೂ ಹೀಗೆ ಬೇರೆ ಮಾಡಿದಲ್ಲೇ ಸಾರ್ವಜನಿಕ ಬಾನುಲಿ ದಾರಿ ತಪ್ಪಿತು.

ಮೊದಲಿನ ಆಶಯ ಬೇರೆ ಇತ್ತು. 1956ರಲ್ಲಿ ಪುಣೆ ಕೇಂದ್ರ 150 ಹಳ್ಳಿಗಳಲ್ಲಿ ರೈತರ ಕೇಳುಗ ಕೂಟಗಳನ್ನು ಕಟ್ಟಿತು. ಜನ ಒಟ್ಟಿಗೆ ಕೂತು ಕೇಳಿ, ಚರ್ಚಿಸಿ, ಪ್ರಶ್ನೆಗಳನ್ನು ಕೇಂದ್ರಕ್ಕೆ ಕಳಿಸುತ್ತಿದ್ದರು. 1984ರಲ್ಲಿ ನಾಗರಕೋಯಿಲ್‌ನಲ್ಲಿ ದೇಶದ ಮೊದಲ ಸ್ಥಳೀಯ ಕೇಂದ್ರ ತೆರೆಯಿತು.

ಸುದ್ದಿ ಹೇಳಲು ಬೇರೆ ದಾರಿಯೂ ಉಳಿದಿಲ್ಲ: ಸರ್ಕಾರದ 2006ರ ನೀತಿ ಸಮುದಾಯ ಬಾನುಲಿಯನ್ನು ಸ್ವಯಂಸೇವಾ ಸಂಸ್ಥೆಗಳಿಗೂ ತೆರೆದರೂ ಸುದ್ದಿ ಪ್ರಸಾರಕ್ಕೆ ಅವಕಾಶ ಕೊಡಲಿಲ್ಲ. ಖಾಸಗಿ ಎಫ್.ಎಂ. ವಾಹಿನಿಗಳಿಗೂ ಸ್ವಂತ ಸುದ್ದಿ ಬಿತ್ತರಿಸುವ ಹಕ್ಕಿಲ್ಲ. ಆದ್ದರಿಂದ ಆಕಾಶವಾಣಿ ಹೇಳದೆ ಬಿಟ್ಟ ತಾಲ್ಲೂಕಿನ ಸುದ್ದಿಯನ್ನು ಬೇರೆ ಯಾವ ಬಾನುಲಿಯೂ ಹೇಳಲಾರದು.

ತಾಲ್ಲೂಕು ಹೀಗೆ ಸುದ್ದಿಯಿಂದ ಹೊರಗುಳಿಯುವುದಕ್ಕೆ ಹರಪನಹಳ್ಳಿಯ ಕಥೆ ಕನ್ನಡಿ. ಬಳ್ಳಾರಿ ಜಿಲ್ಲೆಯಲ್ಲಿದ್ದ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಜಿಲ್ಲೆಯ ಲೆಕ್ಕದಲ್ಲಿ ಸುದ್ದಿ ಹಂಚುವ ಪದ್ಧತಿಯಲ್ಲಿ ಇಂಥ ಅಂಚಿನ ತಾಲ್ಲೂಕು ಎಲ್ಲರಿಗೂ ಕೊನೆಯದು.

ಅಂಚಿನ ಊರೂ ಸುದ್ದಿಯಾಗುವ ದಿನವೊಂದುಂಟು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಅಲ್ಲಿನ ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಇಡೀ ಮೈದಾನ ಉಸಿರು ಬಿಗಿಹಿಡಿಯುತ್ತದೆ. ಒಂದೇ ಮಾತಿನ ಕಾರಣಿಕ, ಅಂದರೆ ಭವಿಷ್ಯವಾಣಿ, ನುಡಿದು ಅವನು ಕೆಳಗೆ ಧುಮುಕುತ್ತಾನೆ. ಆ ಮಾತಿನಲ್ಲಿ ರೈತರು ಮಳೆ ಬೆಳೆಯ ಸೂಚನೆ ಹುಡುಕುತ್ತಾರೆ, ರಾಜಧಾನಿ ರಾಜಕೀಯ ಹುಡುಕುತ್ತದೆ. ಮರುದಿನ ರಾಜ್ಯಕ್ಕೆಲ್ಲ ಮೈಲಾರ ಗೊತ್ತು. ಅದೇ ಜಾತ್ರೆಗೆ ಬಂದವರ ಊರಲ್ಲಿ ಮಳೆ ಕೈಕೊಟ್ಟದ್ದು, ಶೇಂಗಾ ಒಣಗಿದ್ದು ಮಾತ್ರ ಸುದ್ದಿಯಾಗುವುದಿಲ್ಲ.

ಇಲ್ಲಿಯೇ ಇನ್ನೂ ಬಗೆಹರಿಯದ ಪ್ರಶ್ನೆ ಏಳುತ್ತದೆ: ಪ್ರತಿವರ್ಷ ನಡೆಯುವುದು ಸುದ್ದಿಯೇ? ಹರಪನಹಳ್ಳಿ, ಕೂಡ್ಲಿಗಿ ಕಡೆಯ ತಾಂಡಾಗಳಿಂದ ಜನ ಕಾಫಿ ಸೀಮೆಗೆ, ಕಬ್ಬಿನ ಗದ್ದೆಗೆ ಗುಳೆ ಹೋಗುತ್ತಾರೆ. ಮನೆಗೆ ಬೀಗ ಬೀಳುತ್ತದೆ, ಮುದುಕರು ಕಟ್ಟೆಯ ಮೇಲೆ ಉಳಿಯುತ್ತಾರೆ, ಮಕ್ಕಳ ಶಾಲೆ ನಿಲ್ಲುತ್ತದೆ. ಗುಳೆಗೆ ದಿನಾಂಕವಿಲ್ಲ, ಉದ್ಘಾಟನೆಯಿಲ್ಲ. ದೇವದಾಸಿ ಪದ್ಧತಿಯ ಮಾತೂ ಹಾಗೆಯೇ: ಅದನ್ನು ನಿಷೇಧಿಸುವ 1982ರ ಕಾಯ್ದೆ ಬಂದದ್ದು ಸುದ್ದಿ. ದೇವದಾಸಿ ತಾಯಂದಿರ ಮಕ್ಕಳು ಇಂದಿಗೂ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗದ ಮುಂದೆ ತಡವರಿಸುವುದು ಸುದ್ದಿಯಲ್ಲ. ಘಟನೆಯನ್ನಷ್ಟೇ ಸುದ್ದಿಯೆನ್ನುವ ಅಳತೆಗೋಲು ಬಡವರ ಬದುಕನ್ನು ಅಳೆಯಲಾರದು. ಬೇರೆ ಅಳತೆಗೋಲು ಯಾವುದೆಂಬುದಕ್ಕೆ ಪಠ್ಯಪುಸ್ತಕಗಳಲ್ಲಿ ಉತ್ತರವಿಲ್ಲ. ಅದನ್ನು ಹುಡುಕುವ ಕೆಲಸ ಈ ಸಂಕಿರಣದ್ದು.

ಉತ್ತರ ಸಿಗುವವರೆಗೆ ಒಂದು ಕೆಲಸವನ್ನಂತೂ ಮಾಡಬಹುದು. ಹೊಸಪೇಟೆ ಕೇಂದ್ರಕ್ಕೆ ದಿನಕ್ಕೆ ಹತ್ತು ನಿಮಿಷದ ತಾಲ್ಲೂಕು ವಾರ್ತೆ ಬೇಕು; ಅದರಲ್ಲಿ ಮೊದಲು ಹೇಳಿದ ಐದೂ ತಾಲ್ಲೂಕುಗಳ ಜನರ ದನಿಯೇ ಕೇಳಬೇಕು. ಈ ಬೇಡಿಕೆಯನ್ನು ನಿರ್ಣಯವಾಗಿ ಬರೆದು ಆಕಾಶವಾಣಿಯನ್ನು ನಡೆಸುವ ಪ್ರಸಾರ ಭಾರತಿಗೆ ಕಳಿಸಿದ ನಂತರವೇ ಸಭೆ ಮುಗಿಯಲಿ.